ಕಲಿಸಿದವರು ಯಾರೂ ಹೆಬ್ಬೆರಳು ಕೇಳಲಿಲ್ಲ

ಬಿಲ್ಲು ಬಾಣ ಕಲಿಯುತ್ತಿದ್ದೇನೆ ಎಂದು ಚಿತ್ರದುರ್ಗದಲ್ಲಿ ಯಾರಿಗೆ ಹೇಳಿದರೂ ಎರಡು ಮಾತುಗಳಲ್ಲಿ ಒಂದು ಬಂದೇ ಬರುತ್ತದೆ. ನಾಟಕದ ಹುಚ್ಚಿರುವವರು, "ಯಾವ ಪಾತ್ರ? ಅರ್ಜುನನೋ, ಕರ್ಣನೋ?" ಎನ್ನುತ್ತಾರೆ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡದ ಹಳ್ಳಿ ಕಡಿಮೆ. ಜರಿ ಕಾಗದ ಸುತ್ತಿದ ಬಿಲ್ಲನ್ನು ಎಲ್ಲರೂ ಕಂಡವರೇ. ಉಳಿದವರು ನನ್ನ ಬಲಗೈಯತ್ತ ಕಣ್ಣು ಹಾಯಿಸಿ, "ಹೆಬ್ಬೆರಳು ಇನ್ನೂ ಇದೆಯಲ್ಲ, ಗುರುಗಳು ಕೇಳಲಿಲ್ಲವೇ?" ಎಂದು ನಗುತ್ತಾರೆ. ಮೊದಮೊದಲು ನಾನೂ ಜೊತೆಗೆ ನಗುತ್ತಿದ್ದೆ. ಈಗ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಬಿಲ್ಲುವಿದ್ಯೆಯನ್ನೂ ಗುರುವಿನ ಋಣವನ್ನೂ ಒಟ್ಟಿಗೆ ನೆನೆದರೆ ನಮ್ಮ ಜನಕ್ಕೆ ಏಕಲವ್ಯನ ಕಥೆಯೊಂದೇ ನೆನಪಾಗುತ್ತದೆ. ಆ ಕಥೆಯಲ್ಲಿ ದಕ್ಷಿಣೆ ಕೇಳಿದವನು ಕಲಿಸದೇ ಇದ್ದವನು. ನನಗೆ ಕಲಿಸಿದವರೋ ಏನನ್ನೂ ಕೇಳಲಿಲ್ಲ, ಕೊಡಹೋದರೆ ತೆಗೆದುಕೊಳ್ಳಲೂ ಇಲ್ಲ. ಅವರಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರಿಗೆ ತಾವು ಬಿಲ್ಲುವಿದ್ಯೆ ಕಲಿಸಿದೆವು ಎಂಬುದೇ ಗೊತ್ತಿಲ್ಲ. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಕಿಲ್ಲ.

ನಾನು ಪರವಾನಗಿ ಪಡೆದ ಭೂಮಾಪಕ. ಪೋಡಿ, ಹಿಸ್ಸೆ, ಹದ್ದುಬಸ್ತು, ಅಂದರೆ ಜಮೀನು ಭಾಗ ಮಾಡುವುದು, ಗಡಿ ಗುರುತಿಸುವುದು ಎಂದು ಜಿಲ್ಲೆಯ ಹೊಲಗಳಲ್ಲಿ ಅಲೆಯುವುದು ನನ್ನ ಕೆಲಸ. ಹಳೆಯ ಅಳತೆಯ ಟಿಪ್ಪಣಿ ಹಿಡಿದು ಗಡಿಯ ಬಾಂದು ಕಲ್ಲು ಹುಡುಕುವುದು, ಅಣ್ಣತಮ್ಮಂದಿರು ಬೈದಾಡುವಾಗ ಸರಪಳಿ ಹಿಡಿದು ಸುಮ್ಮನೆ ನಿಲ್ಲುವುದು, ಇದರಲ್ಲೇ ನಡುವಯಸ್ಸು ಬಂದಿದೆ. 33 ಅಡಿಗೆ 33 ಅಡಿ ಸೇರಿದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ನನ್ನ ತಲೆ ನಡೆಯುವುದು ಈ ಲೆಕ್ಕದಲ್ಲಿ. ಯಾವುದನ್ನು ಕಂಡರೂ ಮೊದಲು ಅಳತೆ. ಬಿಲ್ಲು ಹಿಡಿದ ಮೇಲೆ ಈ ಅಭ್ಯಾಸ ನನ್ನನ್ನು ಸಾಕಷ್ಟು ಕಾಡಿತು, ಒಂದೆರಡು ಕಡೆ ಕಾಪಾಡಿತು ಕೂಡ.

ಹೊಳಲ್ಕೆರೆ ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಜಮೀನು ಅಳೆಯಲು ಹೋಗಿದ್ದೆ. ಊರಿಗೆಲ್ಲ ಅವರು ಪಿ.ಟಿ. ಮೇಷ್ಟ್ರು. ಅಳತೆ ಮುಗಿಸಿ ಮಜ್ಜಿಗೆ ಕುಡಿಯುತ್ತ ಕುಳಿತಾಗ ಪಡಸಾಲೆಯ ಗೂಟದ ಮೇಲೆ ನಯವಾಗಿ ಹೆರೆದ, ಆಳೆತ್ತರದ ಬಿದಿರಿನ ಪಟ್ಟಿಯೊಂದು ಕಂಡಿತು. ಎರಡು ತುದಿಗೂ ಕಚ್ಚು ಹಾಕಿತ್ತು, ಒಂದು ತುದಿಯಿಂದ ದಾರ ಇಳಿಬಿದ್ದಿತ್ತು. ಏನೆಂದು ಕೇಳಿದೆ. "ಬಿಲ್ಲು" ಎಂದರು. ನಂಬಲಿಲ್ಲ. ಬಾಗಿಯೇ ಇರಲಿಲ್ಲವಲ್ಲ! ಮೇಷ್ಟ್ರು ಎದ್ದು ಅದರ ಕೆಳತುದಿಯನ್ನು ಪಾದದ ಒಳಬದಿಗೆ ಆನಿಸಿ, ನಡುವನ್ನು ಎಡಗೈಯಿಂದ ತಮ್ಮತ್ತ ಎಳೆದು, ಮೇಲ್ತುದಿಯನ್ನು ಬಲಗೈಯ ಅಂಗೈಯಿಂದ ಒತ್ತುತ್ತ ದಾರದ ಕುಣಿಕೆಯನ್ನು ಮೇಲಿನ ಕಚ್ಚಿಗೆ ಜಾರಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಲು ಬಿಲ್ಲಾಯಿತು. "ನಾಟಕದ ಬಿಲ್ಲು ಮಾತ್ರ ಯಾವಾಗಲೂ ಬಾಗಿರುತ್ತದೆ. ನಿಜವಾದ್ದಕ್ಕೆ ಕೆಲಸ ಮುಗಿದ ಮೇಲೆ ಹೆದೆ ಇಳಿಸಬೇಕು. ಇಲ್ಲದಿದ್ದರೆ ಬಾಗಿದ್ದೇ ಅಭ್ಯಾಸವಾಗಿ ಕಸುವು ಹೋಗುತ್ತದೆ" ಎಂದು ನನ್ನ ಕೈಗಿತ್ತರು. ಸ್ವಲ್ಪ ಎಳೆದು ನೋಡಿದೆ. ಎಳೆದದ್ದನ್ನು ಹಾಗೆಯೇ ಬಿಟ್ಟುಬಿಡುವಷ್ಟರಲ್ಲಿ ಅವರ ಕೈ ಹೆದೆಯನ್ನು ಹಿಡಿದಿತ್ತು. ಬಾಣವಿಲ್ಲದೆ ಹೆದೆ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ, ಬಿಲ್ಲು ಮುರಿಯಬಹುದು. ನನಗೆ ಸಿಕ್ಕ ಮೊದಲ ಪಾಠ ಅದು. ಶುಲ್ಕ, ಅರ್ಜಿ ಏನೂ ಇರಲಿಲ್ಲ. "ಭಾನುವಾರ ಬಿಡುವಿದ್ದರೆ ಬನ್ನಿ" ಎಂದರು, ಅಷ್ಟೇ.

ಮೇಷ್ಟ್ರು ಇದನ್ನು ಕಲಿತದ್ದು ಯೌವನದಲ್ಲಿ, ಒಂದು ತರಬೇತಿ ಶಿಬಿರದಲ್ಲಂತೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೊಂದಿದೆ. ಅದರಲ್ಲಿ ಬಿದಿರು ಅಥವಾ ಮರದ ಬಿಲ್ಲು. ಒಲಿಂಪಿಕ್ಸ್‌ನಲ್ಲಿ ಕಾಣುವ ಬಿಲ್ಲಿಗೆ ಗುರಿ ನೋಡುವ ಸಾಧನ, ಅಲುಗಾಟ ತಡೆಯುವ ಉದ್ದನೆಯ ಕಂಬಿಗಳು ಎಲ್ಲ ಇರುತ್ತವೆ. ಇದಕ್ಕೆ ಅದಾವುದೂ ಇಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ ಆದಿವಾಸಿ ಹುಡುಗ ಲಿಂಬಾ ರಾಮ್ ಇಂಥದೇ ಬಿದಿರ ಬಿಲ್ಲಿನಿಂದ ಶುರು ಮಾಡಿ 1988, 1992, 1996ರ ಮೂರು ಒಲಿಂಪಿಕ್ಸ್‌ಗಳಿಗೆ ಹೋದದ್ದನ್ನು ಮೇಷ್ಟ್ರು ಸ್ವಂತ ತಮ್ಮನ ಸಾಧನೆ ಎಂಬ ಅಭಿಮಾನದಿಂದ ಹೇಳುತ್ತಾರೆ. ಅವರು ಕೆಲಸ ಮಾಡಿದ ಶಾಲೆಗಳಲ್ಲಿ ಮಾತ್ರ ಒಂದು ಬಿಲ್ಲೂ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಖೋ ಖೋ, ಕಬಡ್ಡಿ ಆಡಿಸಿ ನಿವೃತ್ತರಾದರು. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಹೊಲ ಅಳೆಯಲು ಬಂದವನಿಗೆ ಏಕೆ ಕೊಟ್ಟರೋ ಗೊತ್ತಿಲ್ಲ. ಕೇಳಿದವನು ನಾನೊಬ್ಬನೇ ಇರಬೇಕು.

ಶುರುವಿನ ಭಾನುವಾರಗಳಲ್ಲಿ ನನಗೆ ಬಿಲ್ಲೇ ಸಿಗಲಿಲ್ಲ. ಬೇವಿನ ಮರಕ್ಕೆ ಸೈಕಲ್ ಟ್ಯೂಬ್ ಕಟ್ಟಿ ಅದನ್ನು ಎಳೆಯಿಸಿದರು. ಎಳೆಯಬೇಕಾದದ್ದು ತೋಳಿನಿಂದಲ್ಲ, ಬೆನ್ನಿನಿಂದ. ಎರಡು ಹೆಗಲ ಮೂಳೆಗಳು ಒಂದಕ್ಕೊಂದು ಹತ್ತಿರ ಬರಬೇಕು. ಅದನ್ನು ತಿಳಿಸಲು ಮೇಷ್ಟ್ರು ನನ್ನ ಬೆನ್ನ ನಡುವೆ ಸೀಮೆಸುಣ್ಣ ಇಟ್ಟು, "ಇದನ್ನು ಹಿಡಿದುಕೊಳ್ಳಿ" ಎನ್ನುತ್ತಿದ್ದರು. ಹಿಡಿದ ಸೀಮೆಸುಣ್ಣ ಬೀಳದಿದ್ದ ದಿನ ಬಿಲ್ಲು ಕೈಗೆ ಬಂತು. ಅದೂ ಐದು ಹೆಜ್ಜೆ ದೂರದ ಹುಲ್ಲಿನ ಪಿಂಡಿಗೆ, ಕಣ್ಣು ಮುಚ್ಚಿಕೊಂಡು ಬಿಡುವುದಕ್ಕೆ. ಗುರಿಯ ಮಾತೇ ಇಲ್ಲ. ಪ್ರತಿ ಸಲವೂ ತೋರುಬೆರಳು ಬಾಯಿಯ ಮೂಲೆಗೆ ಬಂದು ತಾಗಬೇಕು, ಅದೇ ಜಾಗಕ್ಕೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. ಬಾಂದು ಕಲ್ಲು ಅಲುಗಿದರೆ ಇಡೀ ಹೊಲದ ಅಳತೆ ಕೆಟ್ಟಂತೆ ಇದೂ ಎಂದು ನನಗೆ ಬೇಗ ಹೊಳೆಯಿತು. ಈ ಒಂದು ವಿಷಯದಲ್ಲಿ ನನ್ನ ವೃತ್ತಿ ನೆರವಿಗೆ ಬಂತು.

ಹೆಬ್ಬೆರಳಿನ ಸಂಗತಿ ಇಲ್ಲಿಯೇ ಹೇಳಿಬಿಡುತ್ತೇನೆ. ಮೇಷ್ಟ್ರು ಕಲಿಸಿದ ಪದ್ಧತಿಯಲ್ಲಿ ಹೆದೆಯನ್ನು ಎಳೆಯುವುದು ತೋರು, ನಡು, ಉಂಗುರ ಬೆರಳುಗಳು. ಹೆಬ್ಬೆರಳು ಅಂಗೈಗೆ ಮಡಚಿಕೊಂಡು ಸುಮ್ಮನಿರುತ್ತದೆ. ಅದಕ್ಕಿರುವ ಕೆಲಸ ಒಂದೇ: ಹೆದೆ ಏರಿಸಿದ ಮೇಲೆ ಹಿಡಿಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳನ್ನು ನೆಟ್ಟಗೆ ಚಾಚಿದರೆ ಅದರ ತುದಿ ಹೆದೆಗೆ ತಾಗಬೇಕು. ತಾಗಿದರೆ ಬಿಲ್ಲಿಗೂ ಹೆದೆಗೂ ನಡುವಿನ ಅಂತರ ಸರಿ ಇದೆ ಎಂದರ್ಥ. ಆದರೆ ಮಂಗೋಲರು, ತುರ್ಕರು, ಮೊಗಲರು ಎಳೆಯುತ್ತಿದ್ದದ್ದು ಹೆಬ್ಬೆರಳಿನಿಂದಲೇ. ಅದಕ್ಕೆಂದೇ ಉಂಗುರ ತೊಡುತ್ತಿದ್ದರು. ಷಾಜಹಾನನ ಜೇಡ್ ಕಲ್ಲಿನ ಹೆಬ್ಬೆರಳುಂಗುರ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಆ ಪದ್ಧತಿಯಲ್ಲಿ ಬಾಣ ಕೂರುವುದೂ ಬಿಲ್ಲಿನ ಇನ್ನೊಂದು ಮಗ್ಗುಲಿಗೆ. ದ್ರೋಣ ಕೇಳಿದ್ದು ಅಂಥ ಬಿಲ್ಲುಗಾರನ ಹೆಬ್ಬೆರಳನ್ನಾದರೆ, ಕಿತ್ತುಕೊಂಡದ್ದು ಇಡೀ ವಿದ್ಯೆಯನ್ನೇ. ನನ್ನ ಹೆಬ್ಬೆರಳು ಕೇಳಿದ್ದರೆ ನನಗೆ ಹೆಚ್ಚು ನಷ್ಟವಾಗುತ್ತಿರಲಿಲ್ಲ ಎಂದು ಮೇಷ್ಟ್ರಿಗೆ ಹೇಳಿದೆ. "ಸರಪಳಿ ಹೇಗೆ ಹಿಡಿಯುತ್ತಿದ್ದಿರಿ?" ಎಂದರು.

ಹೆದೆ ಬಿಟ್ಟಾಗ ಅದು ಎಡ ಮುಂಗೈಗೆ ಬಡಿಯುತ್ತದೆ. ಬಿಸಿ ಎಣ್ಣೆ ಸಿಡಿದ ಉರಿ, ಆಮೇಲೆ ನೀಲಿ ಬಾವು. ಮೊಣಕೈಯನ್ನು ತುಸು ಹೊರಕ್ಕೆ ತಿರುಗಿಸಿ ಹಿಡಿದರೆ ತಪ್ಪುತ್ತದೆ, ಆದರೆ ಅದು ಮೈಗೂಡುವವರೆಗೆ ರಕ್ಷಣೆ ಬೇಕು. ಗಾಂಧಿ ವೃತ್ತದ ಹತ್ತಿರ ಕೂರುವ ಚಪ್ಪಲಿ ಹೊಲಿಯುವ ಅಣ್ಣನಿಗೆ ಮುಂಗೈ ತೋರಿಸಿದೆ. "ಯಾರು ಹೊಡೆದರು?" ಎಂದು ಕೇಳಿದ. ಬಿಲ್ಲು ಎಂದೆ. ಹೆಚ್ಚು ವಿಚಾರಿಸದೆ ಹಳೆಯ ಬೂಟೊಂದರ ಮೇಲ್ಚರ್ಮ ಕತ್ತರಿಸಿ, ನನ್ನ ಮುಂಗೈಗೆ ಸುತ್ತಿ, ಕಣ್ಣಳತೆಯಲ್ಲೇ ಮೂರು ಕಡೆ ತೂತು ಹಾಕಿ ದಾರ ಪೋಣಿಸಿದ. ಬೆರಳುಗಳಿಗೂ ಒಂದು ಚರ್ಮದ ತುಂಡು ಬೇಕಿತ್ತು, ಹೆದೆಯ ಕೊರೆತ ತಡೆಯಲು. ನುಣುಪು ಮಗ್ಗುಲು ಬೆರಳಿನ ಕಡೆ ಇರಲಿ, ಮೆತ್ತಗಿರುತ್ತದೆ ಎಂದು ಹೇಳಿದೆ. ಅವನು ತಲೆಯಾಡಿಸಿ, "ದಾರ ಜಾರಬೇಕಾದ ಕಡೆ ನುಣುಪು ಇರಬೇಕು ಸರ್, ಒರಟು ಮಗ್ಗುಲು ನಿಮ್ಮ ಚರ್ಮ ಹಿಡಿದುಕೊಳ್ಳಲಿ" ಎಂದು ತಿರುಗಿಸಿ ಹೊಲಿದ. ಜೀವನದಲ್ಲಿ ಬಿಲ್ಲು ಮುಟ್ಟದ ಮನುಷ್ಯ. ಮೇಷ್ಟ್ರು ನೋಡಿದವರೇ, ಶಿಬಿರದಲ್ಲಿ ತಮಗೆ ಕೊಟ್ಟದ್ದೂ ಹೀಗೆಯೇ ಇತ್ತು ಎಂದರು. ಅಣ್ಣ ತೆಗೆದುಕೊಂಡದ್ದು ಒಂದು ಜೊತೆ ಚಪ್ಪಲಿಯ ಬಾರು ಹೊಲಿಯುವ ಕೂಲಿ.

ಇಷ್ಟು ದಿನ ಎರವಲು ಬಿಲ್ಲು. ಇನ್ನು ಸ್ವಂತದ್ದು ಮಾಡಿಕೊಳ್ಳಿ ಎಂದರು ಮೇಷ್ಟ್ರು. ಕೊಳ್ಳಿ ಎನ್ನಲಿಲ್ಲ, ಮಾಡಿಕೊಳ್ಳಿ ಎಂದರು. ಬಿಲ್ಲಿನ ಮಾತು ಗೊತ್ತಿದ್ದದ್ದು ಅವರಿಗೆ. ಬಿದಿರಿನ ಮಾತು ಗೊತ್ತಿದ್ದದ್ದು ನಗರದಲ್ಲಿ ಬುಟ್ಟಿ, ಮೊರ ಹೆಣೆಯುವ ಮೇದಾರರ ಅಜ್ಜಿಯೊಬ್ಬರಿಗೆ. ಈ ಅಜ್ಜಿಯ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು.

ಆಳೆತ್ತರದ ಗಟ್ಟಿ ಬಿದಿರು ಬೇಕು, ಬಿಲ್ಲು ಮಾಡುತ್ತೇನೆ ಎಂದಾಗ ಅಜ್ಜಿ ನಗಲಿಲ್ಲ. ಅರ್ಜುನ, ಏಕಲವ್ಯ ಯಾರನ್ನೂ ತರಲಿಲ್ಲ. "ಎಷ್ಟು ಬಾಗಬೇಕು?" ಎಂದು ಕೇಳಿದರು. ಕೈಯಲ್ಲಿ ತೋರಿಸಿದೆ. ಗೋಡೆಗೆ ಒರಗಿಸಿದ್ದ ಗಳಗಳ ಮೇಲೆ ಕತ್ತಿಯ ಹಿಂಬದಿಯಿಂದ ತಟ್ಟುತ್ತ ಹೋದರು. ಕೆಲವು ಮಂದವಾಗಿ ಸದ್ದು ಮಾಡಿದವು, ಅವನ್ನು ಬಿಟ್ಟರು. ಖಣ್ ಎಂದು ಸದ್ದು ಮಾಡಿದ್ದನ್ನು ಎಳೆದು ನೆಲಕ್ಕೆ ಮಲಗಿಸಿದರು. ಹುಳು ಕೊರೆದ ತೂತಿದೆಯೇ ಎಂದು ಗಿಣ್ಣು ಗಿಣ್ಣಿಗೂ ಬೆರಳಾಡಿಸಿದರು. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಹತ್ತುವುದಿಲ್ಲ ಎಂಬುದು ಅವರ ಮಾತು, ನಾನು ವಾದಿಸಲಿಲ್ಲ. ಆಮೇಲೆ ಕತ್ತಿಯ ಬಾಯಿಯನ್ನು ಗಳದ ತುದಿಗೆ ಇಟ್ಟು, ಮರದ ಕೊಡತಿಯಿಂದ ಒಂದು ಏಟು. ಸೀಳು ಗಿಣ್ಣಿನಿಂದ ಗಿಣ್ಣಿಗೆ ಚಟ್ ಚಟ್ ಎಂದು ತಾನಾಗಿ ಓಡಿತು. ಒಂದು ಮಗ್ಗುಲು ತೆಳುವಾಗುತ್ತಿದೆ ಅನ್ನಿಸಿದ ಕಡೆ ದಪ್ಪ ಮಗ್ಗುಲನ್ನು ಪಾದದಿಂದ ಒತ್ತಿ ಬಾಗಿಸಿದರು. ಸೀಳು ದಪ್ಪದ ಕಡೆಗೆ ಸರಿದು ನಡುವಿಗೆ ಬಂತು. ಅಳತೆಪಟ್ಟಿ ತೆಗೆದು ನೋಡಿದೆ, ನನ್ನ ಹುಟ್ಟುಗುಣ. ಎರಡೂ ತುದಿಯಲ್ಲಿ ಅಗಲ ಒಂದೇ. ಅಜ್ಜಿ ಅಳತೆಪಟ್ಟಿಯತ್ತ ನೋಡಿ, "ಸರ್ಕಾರಕ್ಕೆ ಬರೆದು ಕೊಡಬೇಕೇನಪ್ಪಾ?" ಎಂದರು.

ಮೊದಲ ಸೀಳನ್ನು ಬಿಸಿಲಿಗಿಟ್ಟೆ, ಬೇಗ ಒಣಗಲಿ ಎಂದು. ಅಜ್ಜಿ ಅದನ್ನು ಕಂಡು ಆಗಲೇ ಎರಡನೆಯದನ್ನು ಸೀಳತೊಡಗಿದ್ದರು. ಬಿಸಿಲಿನದು ವಾರದೊಳಗೆ ಗಿಣ್ಣಿನ ಬಳಿ ಬಿರುಕು ಬಿಟ್ಟಿತು. ಎರಡನೆಯದು ಅವರ ಅಟ್ಟದಲ್ಲಿ, ಹೊಗೆಯಾಡುವ ಜಾಗದಲ್ಲಿ ನಿಧಾನವಾಗಿ ಒಣಗಿತು. ಅದು ಕೈಗೆ ಬರುವಾಗ ಬೇಸಿಗೆ ಮುಗಿದಿತ್ತು.

ಹೆರೆಯುವ ಕೆಲಸ ಮೇಷ್ಟ್ರ ಕಟ್ಟೆಯ ಮೇಲೆ. ಬಿದಿರಿನ ಬಲವೆಲ್ಲ ಹೊರಸಿಪ್ಪೆಯ ಬಳಿಯ ನಾರುಗಳಲ್ಲಿ. ಬಿಲ್ಲು ಬಾಗಿದಾಗ ಹಿಗ್ಗುವುದು ಹೊರಮಗ್ಗುಲು, ಅಂದರೆ ಗುರಿಯ ಕಡೆಯದು. ಆದ್ದರಿಂದ ಸಿಪ್ಪೆಯ ಮೈಯನ್ನು ಆ ಕಡೆಗಿಟ್ಟು ಹಾಗೆಯೇ ಉಳಿಸಬೇಕು, ಹೆರೆಯುವುದೇನಿದ್ದರೂ ಒಳಮೈಯನ್ನು. ಹಿಡಿಯ ಮೇಲಿನದು, ಕೆಳಗಿನದು, ಬಿಲ್ಲಿನ ಈ ಎರಡೂ ತೋಳು ಸಮನಾಗಿ ಬಾಗಬೇಕು. ಕೇಳುವುದಕ್ಕೆ ಸುಲಭ. ಎರಡು ತೋಳಿನ ದಪ್ಪವನ್ನು ಹತ್ತು ಕಡೆ ಅಳೆದು, ಕೋಷ್ಟಕ ಬರೆದು, ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಹೆರೆದೆ. ಹೆದೆ ಕಟ್ಟಿ ಎಳೆದರೆ ಒಂದು ತೋಳು ಚೆನ್ನಾಗಿ ಬಾಗಿತು, ಇನ್ನೊಂದು ಸೆಟೆದು ನಿಂತಿತು. ಮೇಷ್ಟ್ರು ಗಡ್ಡ ಕೆರೆದುಕೊಂಡರು. ಬಿಲ್ಲನ್ನು ಬೈಕಿಗೆ ಕಟ್ಟಿಕೊಂಡು ಅಜ್ಜಿಯ ಬಳಿ ಹೋದೆ. ಅವರು ಕೇಳಿದ ಪ್ರಶ್ನೆ ಇಷ್ಟೇ: "ಬುಡ ಯಾವುದು, ತುದಿ ಯಾವುದು?" ಬಿದಿರು ಬುಡದ ಕಡೆ ಹೆಚ್ಚು ಬಿಗಿ. ದಪ್ಪ ಒಂದೇ ಇದ್ದರೂ ಬಲ ಒಂದೇ ಅಲ್ಲ. ಬುಡದ ಕಡೆಯ ತೋಳಿನ ಒಳಮೈಯನ್ನು ಅಜ್ಜಿ ತಮ್ಮ ಕತ್ತಿಯಿಂದ ಉದ್ದುದ್ದಕ್ಕೆ ತರೆದರು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಸುರುಳಿಗಳು ಮಡಿಲಿಗೆ ಬಿದ್ದವು. ನಾಲ್ಕು ಸಲ ತರೆಯುವುದು, ಒಮ್ಮೆ ಮಂಡಿಗೆ ಒತ್ತಿ ಬಾಗಿಸಿ ನೋಡುವುದು. ನನ್ನ ಕೋಷ್ಟಕದ ಕಾಗದ ಜೇಬಿನಲ್ಲೇ ಉಳಿಯಿತು.

ಬಿಲ್ಲಿನ ಬಲವನ್ನು ಲೋಕವೆಲ್ಲ ಪೌಂಡಿನಲ್ಲಿ ಹೇಳುತ್ತದೆ, 28 ಅಂಗುಲ ಎಳೆದಾಗ ಎಷ್ಟು ಎಂದು. ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಎಳೆದು ನೋಡಿದೆವು. ಹದಿಮೂರೂವರೆ ಕಿಲೋ, ಅಂದರೆ ಹತ್ತಿರ ಹತ್ತಿರ 30 ಪೌಂಡ್. ಕಲಿಯುವವನಿಗೆ ಸಾಕಷ್ಟು, ಸ್ವಲ್ಪ ಹೆಚ್ಚೇ. ಹೆದೆಗೆ ನೈಲಾನ್ ಆಗದು, ಅದು ಹಿಗ್ಗುತ್ತದೆ. ಅಷ್ಟಾಗಿ ಹಿಗ್ಗದ ಪಾಲಿಯೆಸ್ಟರ್ ದಾರದ ಎಳೆಗಳನ್ನು ಹೊಸೆದು ಜೇನುಮೇಣ ತಿಕ್ಕಿದೆವು. ಬಿಲ್ಲಿಗೆ ಮೆರುಗೆಣ್ಣೆ ಹಚ್ಚೋಣ ಎಂದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯ ಪಕ್ಕದಲ್ಲಿದ್ದುಕೊಂಡು ಶೇಂಗಾ ಎಣ್ಣೆ ಬಿಟ್ಟು ಬೇರೆ ಏನು ಹಚ್ಚುತ್ತೀರಿ ಎಂದು ಮೇಷ್ಟ್ರು ಬೈದರು. ಆ ಎಣ್ಣೆ ಪೂರ್ತಿ ಒಣಗುವುದಿಲ್ಲ, ಇವತ್ತಿಗೂ ಬಿಲ್ಲು ಹಿಡಿದರೆ ಕೈ ತುಸು ಜಿಡ್ಡಾಗುತ್ತದೆ. ಈ ಒಂದು ವಿಚಾರದಲ್ಲಿ ಮೇಷ್ಟ್ರ ಮಾತು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಣದ ಕಥೆಯೇ ಬೇರೆ. ಬಿಲ್ಲಿಗಿಂತ ಬಾಣ ಕಷ್ಟ ಎಂದು ತಿಳಿದವರು ಹೇಳುವುದು ಸುಮ್ಮನಲ್ಲ. ಬಾಣ ಬಿಲ್ಲಿನ ನಡುವೆ ತೂರಿ ಹೋಗುವುದಿಲ್ಲವಲ್ಲ, ಮಗ್ಗುಲಲ್ಲಿ ಕೂತಿರುತ್ತದೆ. ಹಾಗಿದ್ದರೂ ನೇರವಾಗಿ ಹೋಗುತ್ತದೆ. ಹೇಗೆ? ಹೆದೆ ದೂಡಿದ ಕೂಡಲೇ ಬಾಣದ ಮೈ ಬಾಗಿ, ಬಿಲ್ಲನ್ನು ಬಳಸಿಕೊಂಡು, ಅತ್ತಿತ್ತ ತುಯ್ಯುತ್ತ ಮುಂದೆ ಹೋಗಿ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದು ತೋರಿಸಿದ. ಬಾಣ ಬಹಳ ಬಿರುಸಾದರೆ ಬಾಗದೆ ಒಂದು ಕಡೆ ಹೊರಳುತ್ತದೆ, ಬಹಳ ಮೆತ್ತಗಾದರೆ ಇನ್ನೊಂದು ಕಡೆ. ಬಿಲ್ಲಿನ ಬಲಕ್ಕೆ ತಕ್ಕ ಬಾಣ ಬೇಕು. ತೆಳು ಬಿದಿರಿನ ಕಡ್ಡಿಗಳನ್ನು ಕೆಂಡದ ಮೇಲೆ ಕಾಯಿಸಿ ಡೊಂಕು ತಿದ್ದಿ, ಎರಡು ಮೊಳೆಗಳ ಮೇಲಿಟ್ಟು ನಡುವೆ ಒಂದೇ ತೂಕದ ಬಟ್ಟು ತೂಗಿಹಾಕಿ, ಯಾವುದು ಎಷ್ಟು ಜಗ್ಗುತ್ತದೆ ಎಂದು ಗುರುತು ಹಾಕಿ ಬೇರ್ಪಡಿಸಿದೆ. ಅಳತೆಯ ಕೆಲಸ ಬಂದದ್ದೇ ನನಗೆ ಜೀವ ಬಂತು. ಮೇಷ್ಟ್ರು ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದರು.

ಗರಿ ಎಲ್ಲಿಂದ? ಕಾಡುಹಕ್ಕಿಯ ಗೊಡವೆಯೇ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ, ಮನಸ್ಸೂ ಇದೆ. ಹಿರಿಯೂರು ಕಡೆ ಟರ್ಕಿ ಕೋಳಿ ಸಾಕುವ ರೈತರೊಬ್ಬರ ಜಮೀನಿನ ನಕ್ಷೆ ಮಾಡಿಕೊಟ್ಟಿದ್ದೆ. ಉದುರಿದ ರೆಕ್ಕೆಗರಿ ಬೇಕು ಎಂದು ಫೋನ್ ಮಾಡಿದರೆ, "ಮೊಟ್ಟೆ ಕೇಳುವವರಿದ್ದಾರೆ, ಮಾಂಸ ಕೇಳುವವರಿದ್ದಾರೆ, ಕಸ ಕೇಳಿದವರು ನೀವೇ ಮೊದಲಿಗರು" ಎಂದು ನಕ್ಕರು. ಬಸ್ಸಿನಲ್ಲಿ ಒಂದು ರಸಗೊಬ್ಬರದ ಚೀಲದ ತುಂಬ ಕಳಿಸಿದರು. ಅದರೊಳಗೆ ಎರಡು ಕಟ್ಟು. ಬಲ ರೆಕ್ಕೆಯ ಗರಿ ಬೇರೆ, ಎಡ ರೆಕ್ಕೆಯದು ಬೇರೆ ಮಾಡಿ ಕಟ್ಟಿದ್ದರು. ಒಂದು ಬಾಣಕ್ಕೆ ಕಟ್ಟುವ ಮೂರೂ ಗರಿಗಳು ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಗರಿಗೆ ಸಹಜವಾದ ಬಾಗು ಇರುತ್ತದೆ. ಎಡಬಲ ಬೆರೆತರೆ ಬಾಣ ಸರಿಯಾಗಿ ಸುತ್ತುವುದಿಲ್ಲ. ಇದು ಅವರಿಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ. "ಚಪ್ಪಲಿಯನ್ನೂ ಎಡಬಲ ನೋಡಿಯೇ ಇಡುತ್ತೇವಲ್ಲ ಸರ್, ರೆಕ್ಕೆಯೂ ಹಾಗೆಯೇ ಎಂದು ಬೇರೆ ಮಾಡಿದೆ" ಎಂದರು. ಆ ಶ್ರದ್ಧೆಗೆ ನಾನು ಏನು ಹೇಳಲಿ?

ಕೋಟೆಯ ಊರಿನಲ್ಲಿ ಬಾಣ ಬಿಡುವ ಜಾಗ ಹುಡುಕುವುದು ಕಷ್ಟ. ನಮ್ಮದು ಬಂಡೆಗಳ ನಾಡು. ಗುರಿ ತಪ್ಪಿದ ಬಾಣ ಕಲ್ಲಿಗೆ ಬಡಿದರೆ ಒಂದೋ ಪುಡಿ, ಇಲ್ಲವೇ ಎತ್ತಲೋ ಸಿಡಿಯುತ್ತದೆ. ಹಿಂದೆ ಮಣ್ಣಿನ ದಿಬ್ಬವಿರಬೇಕು, ಆಚೀಚೆ ಜನ ಓಡಾಡಬಾರದು. ಮೇಷ್ಟ್ರ ಹೊಲದ ಅಂಚಿನಲ್ಲಿ ಹಿಂದೆ ಮಣ್ಣು ತೆಗೆದ ಆಳವಾದ ತಗ್ಗು ಇದೆ. ಅಲ್ಲಿ ಹುಲ್ಲಿನ ಪಿಂಡಿ ನಿಲ್ಲಿಸಿದೆವು. ಆದರೂ ಪಿಂಡಿ ತಪ್ಪಿದ ಬಾಣಗಳು ಮಣ್ಣಿಗೆ ನುಗ್ಗಿ ಗರಿ ಹಾಳಾಗುತ್ತಿದ್ದವು. ಅಲ್ಲಿಗೆ ಕುರಿ ಮೇಯಿಸಲು ಬರುವ ಹಿರಿಯರೊಬ್ಬರು ಕೆಲವು ದಿನ ದೂರದಲ್ಲಿ ಕೋಲೂರಿ ನಿಂತು ನಮ್ಮ ಆಟ ನೋಡಿದರು. ಒಂದು ದಿನ ಹತ್ತಿರ ಬಂದು, "ಏನು ಹೊಡೆಯುತ್ತೀರಿ?" ಎಂದರು. ಪಿಂಡಿಗೆ ಅಂಟಿಸಿದ್ದ ಗುರಿಯ ಕಾಗದ ತೋರಿಸಿದೆ. "ತಿನ್ನುವುದಕ್ಕಲ್ಲವೇ?" ಅಲ್ಲ. "ಪಂದ್ಯಕ್ಕೋ?" ಅದೂ ಅಲ್ಲ. ಬಹಳ ಹೊತ್ತು ನನ್ನ ಮುಖ ನೋಡಿದರು. ಮಾರನೆಯ ವಾರ ಅಂಚು ಹರಿದ ಹಳೆಯ ಕರಿ ಕಂಬಳಿಯೊಂದನ್ನು ತಂದು ಮೇಷ್ಟ್ರ ಕೈಗೆ ಹಾಕಿದರು. ಅದನ್ನು ಪಿಂಡಿಯ ಹಿಂದೆ ಎರಡು ಕಂಬಗಳ ನಡುವೆ ಹಗ್ಗಕ್ಕೆ ತೂಗಿಬಿಟ್ಟೆವು. ಕೆಳಗೆ ಕಟ್ಟಬಾರದು, ಬಿಗಿಯಾಗಿರಬಾರದು. ಬಿಗಿಯಾಗಿದ್ದರೆ ಬಾಣ ತೂರಿ ಹೋಗುತ್ತದೆ. ಸಡಿಲವಾಗಿ ಇಳಿಬಿಟ್ಟಾಗ ಬಾಣ ಬಡಿದ ಕೂಡಲೇ ಕಂಬಳಿ ಹಿಂದಕ್ಕೆ ಉಬ್ಬಿ ಅದರ ವೇಗವನ್ನೆಲ್ಲ ನುಂಗಿ ಕೆಳಗೆ ಕೆಡವುತ್ತದೆ. ಆ ಕಂಬಳಿ ಬಂದ ಮೇಲೆ ನನ್ನ ಬಾಣಗಳ ಆಯುಷ್ಯ ಹೆಚ್ಚಿತು.

ಗಾಳಿಯ ಪಾಠವೂ ಅದೇ ಹಿರಿಯರದು. ಊರ ಪಕ್ಕದ ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ನಮ್ಮಲ್ಲಿ ಬೀಸುವ ಗಾಳಿ ಮನುಷ್ಯನನ್ನೇ ಓಲಾಡಿಸುತ್ತದೆ. ಗರಿ ಕಟ್ಟಿದ ಹಗುರ ಬಾಣ ಮೊಳಗಟ್ಟಲೆ ಪಕ್ಕಕ್ಕೆ ಹೋಗುತ್ತಿತ್ತು. ನಾನು ಗಾಳಿಯ ವೇಗ ತೋರಿಸುವ ಆ್ಯಪ್ ತೆರೆದು ಕೂತೆ. ಹಿರಿಯರು ಕುರಿಗಳತ್ತ ಕೈ ತೋರಿಸಿದರು. "ಅವು ಗಾಳಿಗೆ ಬೆನ್ನು ಕೊಟ್ಟಿರುವಾಗ ಸುಮ್ಮನಿರಿ. ತಲೆ ಎತ್ತಿ ಚೆದುರಿದವು ಎಂದರೆ ಗಾಳಿ ನಿಂತಿತು. ಆಗ ಬಿಡಿ." ಕುರಿಗಳು ಪ್ರತಿ ಸಲವೂ ಸರಿ ಎಂದು ಹೇಳಲಾರೆ. ಆ್ಯಪ್‌ಗಿಂತ ವಾಸಿ.

ಗುರಿಯದೇ ಒಂದು ದೊಡ್ಡ ಜಗಳ. ಬಿಲ್ಲಿಗೆ ಗುರಿ ನೋಡುವ ಸಾಧನವಿಲ್ಲ ಎಂದರೆ ಕೋನವನ್ನು ಹೇಗೆ ತಿಳಿಯುವುದು? ನಾನು ಲೆಕ್ಕ ಹಾಕಿದೆ. ಬಾಣದ ವೇಗ ಸೆಕೆಂಡಿಗೆ 40 ಮೀಟರ್ ಎಂದಿಟ್ಟುಕೊಂಡರೆ 20 ಮೀಟರ್ ದಾಟಲು ಅರ್ಧ ಸೆಕೆಂಡ್. ಅಷ್ಟರಲ್ಲಿ ಅದು ಕೆಳಗೆ ಬೀಳುವುದು ಸುಮಾರು 1.2 ಮೀಟರ್. ಹಾಗಾದರೆ ಗುರಿಗಿಂತ ಅಷ್ಟು ಮೇಲಕ್ಕೆ ಹಿಡಿಯಬೇಕು. ಮಣ್ಣಿನ ಮೇಲೆ ಗೆರೆ ಎಳೆದು ಮೇಷ್ಟ್ರಿಗೆ ವಿವರಿಸಿದೆ. ಅವರು ಮಕ್ಕಳ ಉತ್ತರಪತ್ರಿಕೆ ನೋಡುವಷ್ಟು ತಾಳ್ಮೆಯಿಂದ ಕೊನೆಯವರೆಗೂ ಕೇಳಿ, "ಸರಿ ಇದೆ. ಈಗ ಬಿಡಿ" ಎಂದರು. ಲೆಕ್ಕದ ಪ್ರಕಾರ ಬಿಟ್ಟದ್ದು ಕಂಬಳಿಗೆ ಹೋಯಿತು. ಲೆಕ್ಕ ಸರಿಯೇ, ಆದರೆ ಎಳೆದು ಹಿಡಿದ ಆ ಎರಡು ಕ್ಷಣದಲ್ಲಿ ಕಣ್ಣು ಬಾಣದ ತುದಿಗೂ ಗುರಿಗೂ ಓಡಾಡುತ್ತಿದ್ದರೆ ಬೆನ್ನು ಸಡಿಲಾಗುತ್ತದೆ. ಮೇಷ್ಟ್ರು ಹೊಂಗೆ ಎಲೆಯೊಂದನ್ನು ಪಿಂಡಿಗೆ ಚುಚ್ಚಿ, "ಎಲೆಯನ್ನೂ ನೋಡಬೇಡಿ. ಅದರ ನಡುನರ ತೊಟ್ಟಿಗೆ ಸೇರುತ್ತದಲ್ಲ, ಅದನ್ನು ನೋಡಿ. ಬಾಣ ನಿಮ್ಮ ಕೈಯಲ್ಲಿದೆ ಎಂಬುದು ಕೈಗೆ ಗೊತ್ತಿದೆ" ಎಂದರು. ಹಕ್ಕಿಯ ಕಣ್ಣಿನ ಕಥೆ ಹೇಳುತ್ತಾರೆಂದು ಕಾದೆ, ಹೇಳಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ಸಂಜೆ ಬಾಣಗಳು ಒಂದರ ಪಕ್ಕ ಒಂದು, ಅಂಗೈ ಅಗಲದೊಳಗೆ ಕೂತವು. ಎಲೆಗೆ ತಾಗಿರಲಿಲ್ಲ, ಎಲೆಯ ಎಡಕ್ಕೆ. ಆದರೂ ಎಲ್ಲವೂ ಒಂದೇ ಕಡೆ. ಮೇಷ್ಟ್ರು ಎಲೆಯನ್ನು ಕಿತ್ತು ಬಾಣಗಳ ನಡುವೆ ಚುಚ್ಚಿ, "ಆಯಿತು, ತಾಗಿತು" ಎಂದು ಮನೆಗೆ ನಡೆದರು.

ಈ ಜನಕ್ಕೆ ಏನಾದರೂ ಕೊಡಬೇಕು ಎಂದು ಎಷ್ಟು ಪ್ರಯತ್ನಪಟ್ಟೆನೋ. ಮೇಷ್ಟ್ರಿಗೆ ಗುರುಪೂರ್ಣಿಮೆಯ ದಿನ ಪಂಚೆ, ಶಲ್ಯ, ಹಣ್ಣು ಇಟ್ಟರೆ, ಹಣ್ಣು ಮಾತ್ರ ತೆಗೆದುಕೊಂಡು ಅಲ್ಲಿಯೇ ಕುಯ್ದು ಎಲ್ಲರಿಗೂ ಹಂಚಿದರು. ಕುರಿ ಕಾಯುವ ಹಿರಿಯರು ಕಂಬಳಿಯ ದುಡ್ಡು ಮುಟ್ಟಲಿಲ್ಲ. ಒಂದು ಕಟ್ಟು ಬೀಡಿ ಸಾಕೆಂದರು, ಅದರಲ್ಲೂ ಒಂದನ್ನು ನನಗೇ ಕೊಡಬಂದರು. ಮೇದಾರ ಅಜ್ಜಿಯ ನಿವೇಶನದ ಮೇಲೆ ಪಕ್ಕದವರೊಡನೆ ತಕರಾರಿತ್ತು. ಇದು ನನ್ನ ಕೈಯಲ್ಲಾಗುವ ಕೆಲಸ ಎಂದು ಉಬ್ಬಿಹೋದೆ. ಹಳೆಯ ದಾಖಲೆ ತೆಗೆಸಿ, ಅಳೆದು, ನಕ್ಷೆ ಬರೆದು, ಗಡಿಯ ಕಲ್ಲು ತೋರಿಸಿಕೊಟ್ಟೆ. ಶುಲ್ಕ ಬೇಡವೆಂದೆ. ಅಜ್ಜಿ ಒಳಗೆ ಹೋಗಿ ಹೊಸ ಮೊರವೊಂದನ್ನು ತಂದು ನನ್ನ ಕಂಕುಳಿಗೆ ಇಟ್ಟು, "ಹೆಂಡತಿಗೆ ಕೊಡು, ಬರಿಗೈಯಲ್ಲಿ ಹೋಗಬಾರದು" ಎಂದರು. ಅಂಚಿನ ಹೆಣಿಗೆ ನೋಡಿದರೆ ಒಂದು ದಿನದ ದುಡಿಮೆ ಅದು. ತೀರಿಸಲು ಹೋದವನು ಹೊಸ ಸಾಲ ಹೊತ್ತು ಬಂದೆ.

ಮೇಷ್ಟ್ರಿಗೆ ಈಗ ಭುಜದ ನೋವು. ಅವರ ಹಳೆಯ ಬಿಲ್ಲನ್ನು ಪೂರ್ತಿ ಎಳೆಯಲಾಗದೆ ಬಿಟ್ಟಿದ್ದರು. ಕಟ್ಟೆಯ ಮೇಲೆ ಕುಳಿತು ನನ್ನನ್ನು ತಿದ್ದುವುದಷ್ಟೇ. ಅಜ್ಜಿಗೆ ಹೇಳಿ ತುದಿಯ ಕಡೆಯ ತೆಳು ಗಳವೊಂದನ್ನು ಸೀಳಿಸಿದೆ. ಅಟ್ಟದಲ್ಲಿ ಒಣಗಿಸಿ, ಸಂಜೆಗಳಲ್ಲಿ ಕೂತು ಹೆರೆದು, ಇಪ್ಪತ್ತು ಪೌಂಡಿಗೆ ಇಳಿಸಿ, ಹಿಡಿಗೆ ಗಾಂಧಿ ವೃತ್ತದ ಅಣ್ಣನಿಂದ ಚರ್ಮ ಸುತ್ತಿಸಿದೆ. ಈ ಸಲ ಬುಡ ತುದಿ ನೋಡಿಯೇ ಹೆರೆದಿದ್ದೆ. ಹಳದಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಬೇಡ ಎನ್ನಲಿಲ್ಲ. ಹೆದೆ ಏರಿಸಿದರು, ಕಣ್ಣು ಕಿರಿದು ಮಾಡಿ ಎರಡೂ ತೋಳು ನೋಡಿದರು, ಅರ್ಧ ಎಳೆದರು, ಮೆಲ್ಲನೆ ಇಳಿಸಿದರು. ಹೆದೆ ಬಿಚ್ಚಿ ಬಿಲ್ಲನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, "ಕೆಳಗಿನ ತೋಳು ಇನ್ನೂ ಬಿಗಿ ಇದೆ. ಹಿಡಿಯಿಂದ ಒಂದು ಗೇಣು ಕೆಳಗೆ ಹೆರೆದು ತನ್ನಿ, ಬರುವ ಭಾನುವಾರ ನೋಡೋಣ" ಎಂದರು.